ಎಂಟು ಕಿಲೋ ಗುಂಡ

ಪೇಟೆಯಲ್ಲಿ ಯಾರ ತಕ್ಕಡಿ ಕೈಕೊಟ್ಟರೂ ಹೇಳಿಕಳುಹಿಸುವುದು ತೂಕದಣ್ಣನಿಗೆ. ಮುಳ್ಳಿನ ತಕ್ಕಡಿ, ಅಂಕಿ ಮಿನುಗುವ ತಕ್ಕಡಿ, ಮೂಟೆ ತೂಗುವ ನೆಲದ ತಕ್ಕಡಿ, ಯಾವುದಾದರೂ ಸರಿ, ಬಿಚ್ಚಿ ಒರೆಸಿ ಸರಿಮಾಡುತ್ತಾನೆ. ಆಮೇಲೆ ಚೀಲದಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ತೆಗೆದು ಒಂದೊಂದಾಗಿ ಇಟ್ಟು ನೋಡಿ, ತನಗೆ ಸಮಾಧಾನವಾದ ಮೇಲೆಯೇ ಮೇಲೇಳುತ್ತಾನೆ. ವಯಸ್ಸು ಮೂವತ್ತೊಂದು. ಅವನ ನಿಜವಾದ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದಲ್ಲಿದ್ದಾಳೆ. ಅವರಿಗೆ ಒಂದು ವರ್ಷದ ಮಗ. ಹುಟ್ಟಿದಾಗ ಕೆನ್ನೆ ತುಂಬಿಕೊಂಡು ಉಂಡೆಯ ಹಾಗಿದ್ದ ಎಂದು ಅಜ್ಜಿ, ಅಂದರೆ ತೂಕದಣ್ಣನ ತಾಯಿ, ಅವನನ್ನು ಗುಂಡ ಎಂದು ಕರೆದರು. ಹೆಸರು ನಿಂತಿತು. ಕೆನ್ನೆ ಮಾತ್ರ ನಿಲ್ಲಲಿಲ್ಲ.

ಆ ವಾರದ ಓಡಾಟ ಶುರುವಾದದ್ದು ಒಂದು ಶನಿವಾರ, ಆರೋಗ್ಯ ಕೇಂದ್ರದಲ್ಲಿ. ಸಿಸ್ಟರ್ ಗುಂಡನನ್ನು ತೂಗಿ ಕಾರ್ಡಿನ ಮೇಲೆ ಒಂದು ಚುಕ್ಕೆ ಇಟ್ಟರು. ಎಂಟು ಕಿಲೋ ನೂರು ಗ್ರಾಂ. ಹಿಂದಿನ ತಿಂಗಳೂ ಅಷ್ಟೇ, ಅದರ ಹಿಂದಿನ ತಿಂಗಳೂ ಅಷ್ಟೇ. ಮೂರು ಚುಕ್ಕೆಗಳಿಗೆ ಗೆರೆ ಸೇರಿಸಿದರೆ ಅದು ಮೇಲೆ ಹತ್ತದೆ, ಹಾಸಿದ ಹಲಗೆಯ ಹಾಗೆ ಮಟ್ಟಸವಾಗಿ ಮಲಗಿತ್ತು. ಮುಂದಿನ ಶನಿವಾರ ಮತ್ತೆ ಕರೆತನ್ನಿ, ಎಂಟೂಕಾಲು ಕಿಲೋ ದಾಟದಿದ್ದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ, ರಕ್ತ ತೆಗೆದು ನೋಡಬೇಕಾಗುತ್ತದೆ ಎಂದರು. ಹೆದರಬೇಡಿ ಎಂದೂ ಸೇರಿಸಿದರು. ಆ ಮಾತು ಕೇಳಿದ ಮೇಲೆಯೇ ಗಂಡಹೆಂಡಿರಿಬ್ಬರಿಗೂ ಹೆದರಿಕೆ ಹತ್ತಿದ್ದು.

ಮಗು ಹುಟ್ಟಿದ ಮೇಲೆ ಬಿಟ್ಟಿದ್ದ ಕೆಲಸಕ್ಕೆ ಹೆಂಡತಿ ಮತ್ತೆ ಸೇರಿ ಸರಿಯಾಗಿ ಎರಡು ತಿಂಗಳಾಗಿತ್ತು. ಗೆರೆ ಮಲಗಿದ್ದೂ ಎರಡು ತಿಂಗಳಿಂದಲೇ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಸ್ಸಿನಲ್ಲಿ ಅವಳೊಬ್ಬಳೇ ಕಿಟಕಿಯ ಕಡೆ ಮುಖ ಮಾಡಿ ಲೆಕ್ಕ ಹಾಕುತ್ತಾ ಕೂತಳು.

ತೂಕದಣ್ಣ ಸುಮ್ಮನೆ ಕೂರುವ ಜಾತಿಯಲ್ಲ. ಭಾನುವಾರ ಬೆಳಿಗ್ಗೆಯೇ ಹಿಟ್ಟಿನ ಅಂಗಡಿಯವರು ಮೂಲೆಗೆ ಹಾಕಿದ್ದ ಹಳೆಯ ತಕ್ಕಡಿಯೊಂದನ್ನು ಹೊತ್ತುತಂದ. ಅಂಕಿ ಮಿನುಗುವಂಥದು, ಅಗಲವಾದ ಸ್ಟೀಲಿನ ತಟ್ಟೆ. ಮಧ್ಯಾಹ್ನದವರೆಗೂ ಅದರ ಮುಂದೆ ಕೂತು, ಐದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವಷ್ಟು ಚುರುಕು ಮಾಡಿ, ಅಡುಗೆಮನೆಯ ನೆಲದ ಮೇಲೆ ಮಟ್ಟ ನೋಡಿ ಇಟ್ಟ. ಅವನ ವಿಚಾರ ಸರಳವಾಗಿತ್ತು. ಗೋದಾಮಿನಲ್ಲಿ ತುಂಬಿದ ಗಾಡಿಯನ್ನು ಒಮ್ಮೆ ತೂಗುತ್ತಾರೆ, ಇಳಿಸಿದ ಮೇಲೆ ಮತ್ತೊಮ್ಮೆ ತೂಗುತ್ತಾರೆ. ಕಳೆದರೆ ಸರಕಿನ ತೂಕ ಸಿಗುತ್ತದೆ. ಅದೇ ರೀತಿ ಗುಂಡನನ್ನು ಊಟಕ್ಕೆ ಮೊದಲು ಒಂದು ಸಲ, ಊಟವಾದ ಮೇಲೆ ಒಂದು ಸಲ ತೂಗಿದರೆ ಹೊಟ್ಟೆಗೆ ಎಷ್ಟು ಹೋಯಿತೆಂದು ಗ್ರಾಮಿನ ಲೆಕ್ಕದಲ್ಲಿ ತಿಳಿಯುತ್ತದೆ. ತಿಳಿದರೆ ಸರಿಮಾಡಬಹುದು. ಅವನು ಇಲ್ಲಿಯವರೆಗೆ ಏನೇ ಸರಿಮಾಡಿದ್ದರೂ ಹೀಗೇ ಮಾಡಿದ್ದು.

ಸೋಮವಾರದಿಂದ ಮನೆಯ ಗಡಿಯಾರವೇ ಬದಲಾಯಿತು. ಅವಳು ಐದೂವರೆಗೆ ಎದ್ದು ಹಾಲು ಕಾಯಿಸಿ, ಗಂಜಿ ಬೇಯಿಸಿ, ಆಲೂಗಡ್ಡೆ ಹಿಸುಕಿ ಬಟ್ಟಲಿಗೆ ಹಾಕುವ ಹೊತ್ತಿಗೆ ಅವನು ಮಗನ ಅಂಗಿ ಚಡ್ಡಿ ಬಿಚ್ಚಿ ತಟ್ಟೆಯ ಮೇಲೆ ಕೂರಿಸುತ್ತಿದ್ದ. ಅಂಕಿ ನಿಲ್ಲುವವರೆಗೆ ಮಗು ಅಲುಗಬಾರದು. ಒಂದು ವರ್ಷದ ಮಗು ಅಲುಗದೆ ಇರುವುದುಂಟೇ? ಅವನು ತಲೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟುಕೊಂಡು ಕುಣಿದು, ಮಗ ಬೆರಗಾಗಿ ಬಾಯಿ ತೆರೆದು ಕೂತ ಆ ಮೂರು ಸೆಕೆಂಡಿನಲ್ಲಿ ಅಂಕಿ ನೋಡಿಕೊಳ್ಳುತ್ತಿದ್ದ. ಆಮೇಲೆ ಬಟ್ಟೆ, ಆಮೇಲೆ ಊಟ, ಮತ್ತೆ ಬಟ್ಟೆ ಬಿಚ್ಚು, ಮತ್ತೆ ತಟ್ಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದ. ಬೆಳಿಗ್ಗೆ ಅರವತ್ತು ಗ್ರಾಂ, ಮಧ್ಯಾಹ್ನ ನಲವತ್ತೈದು. ಸಂಜೆ ಗುಂಡ ನಡುವೆ ಉಚ್ಚೆ ಮಾಡಿಬಿಟ್ಟಿದ್ದರಿಂದ ಲೆಕ್ಕ ಸೊನ್ನೆಗಿಂತ ಕೆಳಗೆ ಬಂತು. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ತೂಕದಣ್ಣ ನಗಲಿಲ್ಲ.

ಮಂಗಳವಾರ, ಹಗಲು ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಹಲ್ಲುನೋವು ಎದ್ದಿತು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡೇ ತೂಕದಣ್ಣ ಪೇಟೆಗೆ ಹೋದ. ಕೆಲಸಕ್ಕೆ ಕರೆದ ಅಂಗಡಿಯಲ್ಲೆಲ್ಲ ತಕ್ಕಡಿ ಸರಿಯಾದ ಕೂಡಲೇ ಹಿತ್ತಾಳೆಯ ಬಟ್ಟಿನ ಜೊತೆಗೆ ಗುಂಡನನ್ನೂ ಒಂದು ಸಲ ಇಟ್ಟು ನೋಡುವುದು ಶುರುವಾಯಿತು. ದಿನಸಿ ಅಂಗಡಿಯಲ್ಲಿ ಎಂಟು ಕಿಲೋ ನೂರಿಪ್ಪತ್ತು. ಒಣಹಣ್ಣಿನ ಅಂಗಡಿಯಲ್ಲಿ ನೂರು. ಈರುಳ್ಳಿಯವನು ಗುಂಡನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ತೂಕದಣ್ಣಾ, ಇದ್ರಲ್ಲಿ ಕೊಳೆತದ್ದು ಒಂದೂ ಸೇರಿಲ್ಲ ತಾನೆ?" ಎಂದು ಕೇಳಿದ. ಅಕ್ಕಪಕ್ಕದ ಅಂಗಡಿಯವರೆಲ್ಲ ನಕ್ಕರು. ದಿನಸಿಯವರು ಮಾತ್ರ ಒಂದು ಬಿಸ್ಕತ್ತು ತೆಗೆದು ಮಗುವಿನ ಕೈಗೆ ಕೊಡಲು ಹೋದರು. ಈಗ ಬೇಡ, ತೂಕ ಆಗಲಿ ಎಂದು ಅಪ್ಪ ತಡೆದ. ತೂಕ ಆಗುವ ಹೊತ್ತಿಗೆ ಮಗುವಿಗೆ ಬಿಸ್ಕತ್ತು ಬೇಡವಾಗಿತ್ತು.

ಬುಧವಾರ ಗುಂಡ ಬಾಯಿಯನ್ನೇ ಮುಚ್ಚಿಬಿಟ್ಟ. ಬಟ್ಟಲು ಚಮಚದ ಸದ್ದು ಕೇಳಿದರೆ ಸಾಕು, ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮಂಚದ ಕೆಳಗೆ ಅಂಬೆಗಾಲಿಟ್ಟು ಹೋಗುತ್ತಿದ್ದ. ಅಂಗಿ ಹಿಡಿದ ಕೈಯಲ್ಲೇ ಅಂಬೆಗಾಲಿಡಲು ಹೋಗಿ ಎರಡು ಸಲ ಮೂಗು ನೆಲಕ್ಕೆ ತಾಗಿತು. ಅವಳು ಮಂಚದ ಕೆಳಗೆ ತಲೆ ತೂರಿಸಿ, ಹಕ್ಕಿ ತೋರಿಸುತ್ತೇನೆ, ಬಸ್ಸು ತೋರಿಸುತ್ತೇನೆ ಎಂದು ಪುಸಲಾಯಿಸಿದಳು. ಕೆಲಸಕ್ಕೆ ಇಪ್ಪತ್ತು ನಿಮಿಷ ತಡವಾಗಿ ಹೋಗಿ ಯಜಮಾನರ ಕೈಲಿ ಅನ್ನಿಸಿಕೊಂಡಳು. ಕ್ಯಾಲೆಂಡರಿನಲ್ಲಿ ಆ ದಿನ ಹದಿನೈದು, ಹತ್ತು, ಐದು ಎಂದು ಬರೆದಿತ್ತು. ಸಂಜೆ ತೂಕದಣ್ಣ ಆ ಅಂಕಿಗಳ ಮುಂದೆ ನಿಂತವನು, ಹೆಂಡತಿ ಎರಡು ಸಲ ಕರೆದರೂ ತಿರುಗಲಿಲ್ಲ.

ಗುರುವಾರ ಅಜ್ಜಿ ಹಲ್ಲು ಕೀಳಿಸಿಕೊಳ್ಳಲು ಹೋಗಬೇಕಿತ್ತು. ತೂಕದಣ್ಣನಿಗೆ ಸಗಟು ಮಾರುಕಟ್ಟೆಯಲ್ಲಿ ವರ್ಷದ ತಪಾಸಣೆ, ತಪ್ಪಿಸಿಕೊಳ್ಳುವಂತಿರಲಿಲ್ಲ. ಅವಳು ಬೇರೆ ದಾರಿ ಕಾಣದೆ ಗುಂಡನನ್ನು ಕನ್ನಡಕದ ಅಂಗಡಿಗೇ ಕರೆದುಕೊಂಡು ಹೋದಳು. ಯಜಮಾನರು ಮುಖ ಗಂಟು ಹಾಕಿ, ಗಾಜಿನ ಅಂಗಡಿಗೆ ಗೂಳಿ ಬಂತು ಎಂದರು. ಒಂದು ಗಂಟೆ ಕಳೆಯುವುದರೊಳಗೆ ಅದೇ ಯಜಮಾನರು ಗುಂಡನ ಮೂಗಿಗೆ ಖಾಲಿ ಚೌಕಟ್ಟು ಏರಿಸಿ, ದೂರದ ಅಕ್ಷರ ಕಾಣುತ್ತಾ ಎಂದು ಕೇಳುತ್ತಿದ್ದರು.

ಮಧ್ಯಾಹ್ನ ಅವಳು ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ ಕೂತು ಡಬ್ಬಿ ಬಿಚ್ಚಿದಳು. ಗುಂಡನಿಗೆಂದು ತಂದ ಬಟ್ಟಲನ್ನು ತೆಗೆಯುವ ಧೈರ್ಯವಾಗಲಿಲ್ಲ. ತಾನು ಎರಡು ತುತ್ತು ತಿನ್ನುವಷ್ಟರಲ್ಲಿ ಅವನು ಅವಳ ಮಂಡಿ ಹಿಡಿದು ಎದ್ದುನಿಂತ. ಡಬ್ಬಿಗೇ ಕೈಹಾಕಿ ಬೆಂದ ಆಲೂಗಡ್ಡೆಯ ಒಂದು ಹೋಳನ್ನು ತೆಗೆದು ಬಾಯಿಗೆ ಹಾಕಿಕೊಂಡ. ಅವಳು ಮೆಲ್ಲಗೆ ಬಟ್ಟಲು ಹೊರತೆಗೆದಳು. ಚಮಚ ಬಟ್ಟಲಿಗೆ ತಾಗಿ ಟಿಣ್ ಎಂದಿತು. ಗುಂಡ ಥಟ್ಟನೆ ಅಂಗಿ ಹಿಡಿದುಕೊಂಡ. ನೆಲ ನೋಡಿದ, ಮೇಜಿನ ಕೆಳಗೆ ನೋಡಿದ, ಅಮ್ಮನ ಬೆನ್ನ ಹಿಂದೆ ಬಗ್ಗಿ ನೋಡಿದ. ಎಲ್ಲೂ ಏನೂ ಇಲ್ಲ ಎಂದು ಖಾತರಿಯಾದ ಮೇಲೆ ಅಂಗಿ ಬಿಟ್ಟು ಬಾಯಿ ತೆರೆದ.

ಬಟ್ಟಲು ಖಾಲಿಯಾಯಿತು. ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಯಜಮಾನರು ಇಣುಕಿ ನೋಡಿ, ಏನಾಯಿತಮ್ಮಾ ಎಂದರೆ ಕಣ್ಣಿಗೆ ಗಾಜಿನ ಪುಡಿ ಬಿತ್ತು ಎಂದಳು.

ಸಂಜೆ ತೂಕದಣ್ಣ ಮನೆಗೆ ಬಂದು ಕಾಲು ತೊಳೆದವನೇ ಮಗನ ಅಂಗಿಯ ಗುಂಡಿಗೆ ಕೈಹಾಕಿದ. ಅವಳು ಆ ಕೈಯನ್ನು ಹಿಡಿದುಕೊಂಡಳು.

"ರೀ, ಒಂದು ಮಾತು ಕೇಳ್ತೀನಿ. ನಿಮಗೆ ದಿನಾ ಊಟಕ್ಕೆ ಬಡಿಸೋ ಮುಂಚೆ ಬಟ್ಟೆ ಬಿಚ್ಚಿಸಿ, ತಣ್ಣಗಿರೋ ತಟ್ಟೆ ಮೇಲೆ ಕೂರಿಸಿ, ಅಲುಗಾಡಬೇಡಿ ಅಂದ್ರೆ, ಅನ್ನ ನೋಡಿದ್ರೆ ನಿಮಗೆ ಹಸಿವಾಗುತ್ತಾ?"

ಅವನು ಮಗನ ಮುಖ ನೋಡಿದ, ತಕ್ಕಡಿ ನೋಡಿದ. ಅಂಗಡಿಯಲ್ಲಿ ನಡೆದದ್ದನ್ನು ಅವಳು ಒಂದೂ ಬಿಡದೆ ಹೇಳಿದಳು. ಅರ್ಥವಾಗಲಿಲ್ಲ ಎಂದಲ್ಲ, ಆದರೂ ಒಪ್ಪಿಕೊಳ್ಳಲು ಅವನಿಗೆ ಕಷ್ಟವಾಯಿತು.

"ತೂಗದೇ ಇದ್ರೆ ಎಷ್ಟು ಹೋಯ್ತು ಅಂತ ಹೇಗೆ ಗೊತ್ತಾಗೋದು?"

ಹಲ್ಲು ಕಿತ್ತ ಜಾಗಕ್ಕೆ ಹತ್ತಿ ಇಟ್ಟುಕೊಂಡಿದ್ದ ಅಜ್ಜಿಗೆ ಡಾಕ್ಟರು ನಾಳೆಯವರೆಗೂ ಮಾತಾಡಬೇಡಿ ಎಂದಿದ್ದರು. ಅವರು ಕೆನ್ನೆ ಒತ್ತಿಹಿಡಿದುಕೊಂಡೇ ಹೇಳಿದರು. "ನಿನ್ನನ್ನ ಯಾವ ತಕ್ಕಡೀಲಿ ಇಟ್ಟು ಸಾಕಿದೆ ನಾನು? ಬಟ್ಟಲು ಖಾಲಿ ಆದ್ರೆ ಹೊಟ್ಟೆಗೆ ಹೋಯ್ತು ಅಂತ ಕಣೋ."

ತೂಕದಣ್ಣ ತಕ್ಕಡಿಯ ಪ್ಲಗ್ಗು ಕಿತ್ತು, ತಟ್ಟೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ತಾನೇ ಏಣಿ ಹತ್ತಿ ಅಟ್ಟದ ಮೇಲಿಟ್ಟ. ಇಳಿದು ಬಂದವನು ಏಣಿಯ ಕೊನೆಯ ಮೆಟ್ಟಿಲಲ್ಲೇ ಕೂತುಬಿಟ್ಟ. ತನ್ನಿಂದಲೇ ಮಗು ಮೂರು ದಿನ ಹಸಿದುಕೊಂಡಿತ್ತಲ್ಲ ಎಂದು ಮೆಲ್ಲಗೆ ಹೇಳಿಕೊಂಡ. ನನ್ನ ಕೆಲಸದಿಂದಲೇ ಹೀಗಾಯಿತೆಂದು ನಾನೂ ಎರಡು ತಿಂಗಳಿಂದ ಅಂದುಕೊಳ್ಳುತ್ತಿದ್ದೇನೆ, ತಪ್ಪು ಹೊರಲು ಇಬ್ಬರಲ್ಲಿ ಒಬ್ಬರು ಸಾಕು ಎಂದಳು ಅವಳು. ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಅವನು ಸರಿದು ಮೆಟ್ಟಿಲಿನಲ್ಲಿ ಅವಳಿಗೂ ಜಾಗ ಮಾಡಿದ.

ಶುಕ್ರವಾರ ಗುಂಡನಿಗೆ ಊಟ ಮಾಡಿಸುವಾಗ ತೂಕದಣ್ಣ ಅಡುಗೆಮನೆಗೆ ಬರಬಾರದೆಂದು ಅತ್ತೆ ಸೊಸೆ ಸೇರಿ ತೀರ್ಮಾನಿಸಿದರು. ಅವನು ಹಿತ್ತಲಲ್ಲಿ ನಿಂತು ಕಿಟಕಿಯಿಂದ, ಎಷ್ಟನೇ ಚಮಚ ಎಂದು ಕೇಳುತ್ತಿದ್ದ. ಎಣಿಸುವುದನ್ನೂ ನಿಲ್ಲಿಸು ಎಂದು ಅಜ್ಜಿ ಕಿಟಕಿ ಮುಚ್ಚಿದರು. ಬೆಳಿಗ್ಗೆ ಗುಂಡ ತಕ್ಕಡಿ ಇದ್ದ ಜಾಗವನ್ನು ಅಂಗೈಯಿಂದ ತಟ್ಟಿ ತಟ್ಟಿ ನೋಡಿ ಅರ್ಧ ಬಟ್ಟಲು ತಿಂದ. ಮಧ್ಯಾಹ್ನ ಮುಕ್ಕಾಲು. ಸಂಜೆ ಬಾಳೆಹಣ್ಣನ್ನು ಸಿಪ್ಪೆಯ ಸಮೇತ ಕಚ್ಚಿದ.

ಶನಿವಾರ ಆರೋಗ್ಯ ಕೇಂದ್ರದಲ್ಲಿ ಸಾಲು ಉದ್ದವಿತ್ತು. ಗುಂಡ ಬೆಂಚು ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ಹೆಜ್ಜೆ ಹಾಕುತ್ತಾ, ಕೂತವರ ಮಂಡಿಗಳನ್ನೆಲ್ಲ ದಾಟುತ್ತಾ ಹೊರಟಿದ್ದ. ಸರದಿ ಬಂದಾಗ ಅವಳು ಅಂಗಿ ಬಿಚ್ಚಿದಳು. ಮಗು ತುಟಿ ಬಿಗಿಹಿಡಿದು ಮುಳ್ಳಿನ ತಕ್ಕಡಿಯ ತಟ್ಟೆಯ ಮೇಲೆ ಪಳಗಿದವನ ಹಾಗೆ ಕೂತಿತು. ಇಷ್ಟು ಸುಮ್ಮನೆ ಕೂರುವ ಮಗುವನ್ನು ನಾನು ನೋಡಿಲ್ಲ ಎಂದು ಸಿಸ್ಟರ್ ಮೆಚ್ಚಿಕೊಂಡರು. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

"ಎಂಟು ಮುನ್ನೂರು," ಎಂದರು ಸಿಸ್ಟರ್.

ಅವಳು ಮಗುವನ್ನು ಬಾಚಿ ಎತ್ತಿಕೊಂಡಳು. ಮಗು ಮೇಲೆದ್ದ ಮೇಲೆ ತೂಕದಣ್ಣ ಖಾಲಿ ತಟ್ಟೆಯನ್ನು ನೋಡಿದ. ನೋಡಲೇಬೇಕೆಂದು ನೋಡಿದ್ದಲ್ಲ, ಕಣ್ಣಿಗೆ ಅಭ್ಯಾಸ. ಮುಳ್ಳು ಸೊನ್ನೆಗೆ ಇಳಿಯದೆ ಒಂದು ಗೆರೆ ಮೇಲೆಯೇ ನಿಂತಿತ್ತು. ಒಂದು ಗೆರೆ ಎಂದರೆ ನೂರು ಗ್ರಾಂ. ಸಿಸ್ಟರ್ ಆಗಲೇ ಕಾರ್ಡಿನ ಮೇಲೆ ಪೆನ್ನು ಇಟ್ಟಿದ್ದರು. ಅವನು ಒಂದು ಸಲ ಹೆಂಡತಿಯ ಕಡೆ ನೋಡಿದ. ಎಂಟು ದಿನಗಳ ಮೇಲೆ ಅವಳ ಮುಖ ಅರಳಿತ್ತು.

"ಸಿಸ್ಟರ್, ಸ್ವಲ್ಪ ತಡೀರಿ. ಖಾಲಿ ಇದ್ದಾಗಲೇ ನೂರು ತೋರಿಸ್ತಿದೆ."

ನಿನ್ನೆ ನೆಲ ತೊಳೆಯುವಾಗ ಯಾರೋ ಜರುಗಿಸಿರಬೇಕು ಎಂದರು ಸಿಸ್ಟರ್. ಅವನು ಕೆಳಗಿನ ತಿರುಪನ್ನು ಉಗುರಿನಿಂದಲೇ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದ. ಗುಂಡ ಇನ್ನೊಂದು ಸಲ ತಟ್ಟೆ ಹತ್ತಿದ. ಎಂಟು ಇನ್ನೂರು. ಎಂಟೂಕಾಲು ಕಿಲೋಗೆ ಐವತ್ತು ಗ್ರಾಂ ಕಮ್ಮಿ.

ಅವಳು ಮಗುವಿಗೆ ಅಂಗಿ ತೊಡಿಸತೊಡಗಿದಳು. ಗುಂಡಿಗಳು ಒಂದರ ಬದಲು ಇನ್ನೊಂದಕ್ಕೆ ಬೀಳುತ್ತಿದ್ದವು. ಸಿಸ್ಟರ್ ಚೀಟಿ ಪುಸ್ತಕಕ್ಕೆ ಕೈಚಾಚಿ, ಅಲ್ಲೇ ನಿಲ್ಲಿಸಿ, ವಾರವೆಲ್ಲ ಏನೇನು ತಿಂದ ಎಂದು ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು. ತಕ್ಕಡಿ, ಮಂಚದ ಕೆಳಗೆ ಹೋದದ್ದು, ಕನ್ನಡಕದ ಅಂಗಡಿ. ಕೇಳುತ್ತಾ ಕೇಳುತ್ತಾ ಸಿಸ್ಟರ್ ಅವರ ಭುಜ ಅಲುಗತೊಡಗಿತು. ನಗು ತಡೆಯಲು ಕಾರ್ಡನ್ನು ಮುಖಕ್ಕೆ ಹಿಡಿದುಕೊಂಡರು.

ಆಮೇಲೆ ಕಾರ್ಡು ಕೆಳಗಿಟ್ಟು ಹೇಳಿದರು. "ಮೂರು ದಿನ ಉಪವಾಸ ಮಾಡಿಯೂ ನೂರು ಗ್ರಾಂ ಏರಿದಾನೆ. ಹೀಗೆ ಬೆಂಚು ಸುತ್ತಾಡೋ ವಯಸ್ಸಲ್ಲಿ ಮಕ್ಕಳು ಸ್ವಲ್ಪ ನಿಲ್ತಾವೆ. ಐವತ್ತು ಗ್ರಾಮಿಗೆ ನಾನು ಸೂಜಿ ಚುಚ್ಚಿಸಲ್ಲ. ಒಂದು ತಿಂಗಳು ಬಿಟ್ಟು ಬನ್ನಿ." ತೂಕದಣ್ಣನ ಕಡೆ ತಿರುಗಿ, ನೀವು ಬೇಕಾದರೆ ನಾಳೆಯೇ ಬಂದು ಉಳಿದ ಎರಡು ತಕ್ಕಡಿಯನ್ನೂ ನೋಡಿ ಹೋಗಿ, ಮಗುವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ ಎಂದರು. ಕಾರ್ಡಿನ ಮೇಲೆ ಹೊಸ ಚುಕ್ಕೆ ಇಟ್ಟು ಗೆರೆ ಎಳೆದರು. ಗೆರೆ ಸಣ್ಣಗೆ ತಲೆಯೆತ್ತಿತ್ತು.

ಬಸ್ಸಿನ ನಿಲ್ದಾಣದವರೆಗೆ ಇಬ್ಬರೂ ನಡೆದರು. ಗುಂಡ ಅಮ್ಮನ ಹೆಗಲ ಮೇಲೆ ನಿದ್ದೆಹೋದ. ನಿಲ್ದಾಣದಲ್ಲಿ ಅವಳು ಕೇಳಿದಳು.

"ಆ ಒಂದು ಗೆರೆ ನೋಡದೇ ಇರೋಕಾಗ್ತಿರಲಿಲ್ವಾ ನಿಮಗೆ?"

"ನೋಡ್ಬಿಟ್ಟೆನಲ್ಲ."

ಅವಳಿಗೆ ಸಿಟ್ಟು ಇತ್ತು, ಆದರೆ ಅದು ನಿಲ್ಲಲಿಲ್ಲ. ಗಾಜು ಒಂದು ಕೂದಲೆಳೆ ವಾರೆಯಾದರೂ ಬಿಚ್ಚಿ ಮತ್ತೆ ಕೂರಿಸುವವಳು ಅವಳೂ ಹೌದು.

"ಹಿಡ್ಕೊಳ್ಳಿ ಇವನ್ನ," ಎಂದಳು. "ಭುಜ ಬಿದ್ದುಹೋಯ್ತು. ಭಾರ ಆಗಿದಾನೆ."

ಅವನು ಎರಡೂ ಕೈ ಚಾಚಿ ಮಗನನ್ನು ತೆಗೆದುಕೊಂಡ.