ಒಬ್ಬರೇ ಎತ್ತಬಲ್ಲ ಗಾಡಿ

ನನಗೆ ಬಾಯಿಗಿಂತ ಕೈ ಮುಂದು. ಒಂದು ಕಾಲದಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ, ಈಗ ನಾಚಿಕೆಯಾಗುತ್ತದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಬೋಗಾದಿಯ ಬಾಡಿಗೆ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಮದುವೆಯಾದ ಎರಡು ವರ್ಷದಲ್ಲಿ ಅವಳಿಗೆ ಮೂರು ಸಲ ಹೊಡೆದಿದ್ದೆ. ಮೂರನೆಯ ಸಲ ತುಟಿ ಒಡೆಯಿತು. ಕನ್ನಡಿ ಮುಂದೆ ನಿಂತು ರಕ್ತ ಒರೆಸಿಕೊಳ್ಳುತ್ತಾ ಹೇಳಿದಳು: "ಇನ್ನೊಂದು ಸಲ ಕೈ ಎತ್ತಿದ್ರೆ ನಾನು ಈ ಮನೇಲಿರಲ್ಲ ಕಣ್ರೀ."

ಅವಳನ್ನು ಒಲಿಸಿಕೊಳ್ಳಲು ಪ್ರವಾಸದ ಮಾತು ತೆಗೆದೆ. ದಸರಾ ರಜೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆ, ಬಸ್ಸು ಕಾಣದ ಮಣ್ಣು ದಾರಿಗಳಲ್ಲಿ, ಬೈಕಿನ ಮೇಲೆ ನಾಲ್ಕು ದಿನ. ಅವಳು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದಳು. ನಕ್ಷೆ ಬಿಚ್ಚಿ ನೆಲದ ಮೇಲೆ ಕೂತೇಬಿಟ್ಟಳು. ಆದರೆ ಬೈಕೇ ಇರಲಿಲ್ಲ.

ಹಿನಕಲ್‌ನಲ್ಲಿ ಹಳೆ ಗಾಡಿ ಮಾರುವ ಒಬ್ಬ ಮೆಕ್ಯಾನಿಕ್ ಇದ್ದ. ಐವತ್ತು ದಾಟಿದವನು, ಮಹಾ ಸಿಡುಕ. ಅವನ ಶೆಡ್ಡಿನಲ್ಲಿ ಎರಡು ಗಾಡಿ ನೋಡಿದೆವು. ಒಂದು ಎದೆ ನಡುಗಿಸುವ ಸದ್ದಿನ ಭಾರಿ ಗಾಡಿ, ಇನ್ನೊಂದು ಸೊರಗಿದಂತೆ ಕಾಣುವ ಟೂ-ಸ್ಟ್ರೋಕ್. ನನ್ನ ಕಣ್ಣು ದೊಡ್ಡದರ ಮೇಲೆ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದವನು, ಉತ್ತರ ಸಿಕ್ಕಿದ್ದೇ ತಡ, ಎರಡನ್ನೂ ಒದ್ದು ಕೆಡವಿದ.

"ಎತ್ತಿ ಸಾರ್. ಬೆಟ್ಟದ ಮಣ್ಣಲ್ಲಿ ಬೀಳೋದಂತೂ ಗ್ಯಾರಂಟಿ. ಒಬ್ರೇ ಎತ್ತೋಕಾದ್ರೆ ಅದು ನಿಮ್ ಗಾಡಿ, ಇಲ್ದಿದ್ರೆ ಬುಟ್ಬುಡಿ."

ದೊಡ್ಡ ಗಾಡಿ ನನ್ನ ಸೊಂಟದವರೆಗೆ ಬಂತು, ಮತ್ತೆ ದಡಾರನೆ ಬಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಟೂ-ಸ್ಟ್ರೋಕನ್ನು ಎತ್ತಿ ಸ್ಟ್ಯಾಂಡ್ ಹಾಕಿದ್ದಳು. ಮದುವೆಗೆ ಮುಂಚೆ ಅಣ್ಣನ ಬೈಕು ಓಡಿಸಿ ಗೊತ್ತಿತ್ತು ಅವಳಿಗೆ. ಮೆಕ್ಯಾನಿಕ್ ನಕ್ಕ. ನಾನು ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದೆ. ಅವನು ಸ್ಪ್ಯಾನರಿನಿಂದ ನನ್ನ ಮೊಣಕೈಗೆ ಬಾರಿಸಿದ. ಅವಳು ಮಧ್ಯೆ ನುಗ್ಗಿ ಬಿಡಿಸಿದಳು. ಅಷ್ಟಾದ ಮೇಲೂ ಹಟ ಬಿಡದೆ, ಓಡಿಸಿ ನೋಡಿ ಹೇಳುತ್ತೇನೆಂದು ಮುಂಗಡ ದುಡ್ಡು ಅವನ ಮುಂದಿಟ್ಟು, ಅವಳನ್ನು ಹಿಂದೆ ಕೂರಿಸಿಕೊಂಡು ದೊಡ್ಡದರಲ್ಲೇ ಹೊರಟೆ. "ಕೈಕಾಲು ಮುರ್ಕೊಂಡ್ರೆ ನನ್ನ ಕೇಳ್ಬೇಡಿ" ಎಂದು ಮೆಕ್ಯಾನಿಕ್ ಕೂಗಿದ.

ಚಾಮುಂಡಿ ಬೆಟ್ಟದ ಹಿಂದೆ ಕುರಿ ಓಡಾಡುವ ಮಣ್ಣು ದಾರಿಗಳಿದ್ದವು. ಹತ್ತುವಾಗ ಗಾಡಿ ರಾಜನಂತೆ ಹತ್ತಿತು. ಇಳಿಯುವಾಗ ಜಲ್ಲಿಕಲ್ಲಿನ ಮೇಲೆ ಮುಂದಿನ ಬ್ರೇಕ್ ಹಿಡಿದೆ. ಚಕ್ರ ಜಾರಿತು. ಅವಳು ಹಿಂದಿನಿಂದ ಹಾರಿ ಪೊದೆಗೆ ಬಿದ್ದಳು, ಗಾಡಿ ನನ್ನ ಬಲಗಾಲಿನ ಮೇಲೆ ಬಿತ್ತು. ಕಾದ ಸೈಲೆನ್ಸರ್ ಮೀನಖಂಡಕ್ಕೆ ಅಂಟಿಕೊಂಡಿತ್ತು. ಪ್ಯಾಂಟು ಸುಟ್ಟು ಚರ್ಮಕ್ಕೆ ಮೆತ್ತಿಕೊಳ್ಳುವ ವಾಸನೆ ನನ್ನದೇ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು.

ಮುಖವೆಲ್ಲ ತರಚಿಕೊಂಡು ಅವಳು ಓಡಿ ಬಂದಳು. ಹ್ಯಾಂಡಲ್ಲಿಗೂ ಸೀಟಿಗೂ ಕೈ ಹಾಕಿ, ಹಲ್ಲು ಕಚ್ಚಿ ಗೇಣು ಎತ್ತರ ಎತ್ತಿದಳು. ಕಾಲು ಎಳೆದುಕೊಳ್ಳಲು ನನ್ನಿಂದ ಆಗಲಿಲ್ಲ. ಉರಿಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. "ಇನ್ನೂ ಎತ್ತೇ, ದರಿದ್ರದವಳೇ!" ಎಂದು ಕಿರುಚಿ, ಬಗ್ಗಿದ್ದ ಅವಳ ಕೆನ್ನೆಗೆ ಬಿಗಿದೆ.

ಗಾಡಿ ಮತ್ತೆ ನನ್ನ ಕಾಲಿನ ಮೇಲೆ ಬಿತ್ತು. ಕೈ ಜಾರಿತೋ, ಬೇಕೆಂದೇ ಬಿಟ್ಟಳೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ನಾನು ಊಳಿಟ್ಟೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಎರಡೂ ಕೈ ತಲೆ ಹಿಂದೆ ಇಟ್ಕೊಳಿ. ಆಮೇಲೆ ಎತ್ತೀನಿ."

ಇಟ್ಟುಕೊಂಡೆ. ಪೊಲೀಸರ ಮುಂದಿನ ಕಳ್ಳನ ಹಾಗೆ, ಅಳುತ್ತಾ, ಬೈಕಿನಡಿ ಮಲಗಿ ಇಟ್ಟುಕೊಂಡೆ. ಅವಳು ಅದನ್ನು ಚೆನ್ನಾಗಿ ನೋಡಿಕೊಂಡು ಮತ್ತೆ ಬಗ್ಗಿದಳು.

ಆಸ್ಪತ್ರೆಗೆ ಸೇರಿಸಿದವಳೂ ಅವಳೇ, ಗಾಡಿ ವಾಪಸ್ ಮುಟ್ಟಿಸಿದವಳೂ ಅವಳೇ. ಟೂ-ಸ್ಟ್ರೋಕನ್ನು ತನ್ನ ಹೆಸರಿಗೆ ಕೊಂಡಳು. ದಸರಾ ರಜೆ ಬಂದಾಗ ತಂಗಿಯನ್ನು ಹಿಂದೆ ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಳು. ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು ನಾನು ಬೋಗಾದಿಯಲ್ಲಿ ಬೀದಿಯ ಪ್ರತಿ ಸದ್ದಿಗೂ ಕಿವಿ ಕೊಟ್ಟು ಕೂತೆ. ಬರುತ್ತಾಳೆ ಎಂದುಕೊಂಡಿದ್ದೆ. ಬಂದರೆ ಕಾಲು ಹಿಡಿಯುವುದು ಎಂದೂ ಅಂದುಕೊಂಡಿದ್ದೆ.

ಐದನೆಯ ದಿನ ಮಧ್ಯಾಹ್ನ ಬಂದಳು. ಬಿಸಿಲಿಗೆ ಕಂದಿದ್ದಳು, ಮೊಣಕೈ ತರಚಿತ್ತು, ಖುಷಿಯಾಗಿದ್ದಳು.

"ದಾರಿ ಹೇಗಿತ್ತು?" ಎಂದೆ.

"ಆರು ಸಲ ಬಿದ್ದೆ" ಎಂದಳು. "ಬಟ್ಟೆ ತಗೊಂಡು ಹೋಗೋಣ ಅಂತ ಬಂದೆ ಕಣ್ರೀ."

ಕುಂಟುತ್ತಾ ಹೋಗಿ ಅವಳ ಸೂಟ್‌ಕೇಸನ್ನು ಕ್ಯಾರಿಯರ್‌ಗೆ ನಾನೇ ಕಟ್ಟಿಕೊಟ್ಟೆ. ಗಂಟು ಹಾಕುವಷ್ಟು ಹೊತ್ತೂ ಅವಳು ನನ್ನ ಕೈಗಳನ್ನೇ ನೋಡುತ್ತಾ, ನಾಲ್ಕು ಮಾರು ದೂರ ನಿಂತಿದ್ದಳು.