ನನ್ನ ಮುಖದ ಪರವಾನಗಿ

ಸರಗೂರಿನ ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ನನ್ನನ್ನು ನಾನೇ ಕಂಡೆ. ತಂಗಿಯ ಮನೆಗೆಂದು ಹೋದವಳು ಬಸ್ಸಿಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಎದುರಿಗೆ ಹೊಗೆಸೊಪ್ಪು ಬಿಡಿ ಅನ್ನುವವರು ಅಂಟಿಸಿದ, ಬಾಗಿಲಿನಷ್ಟು ದೊಡ್ಡ ಪೋಸ್ಟರು. ಅದರಲ್ಲಿ ನಾನು, ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಯ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೇನೆ. ತಲೆಯ ಮೇಲೆ ಕೆಂಪಕ್ಷರದಲ್ಲಿ ‘ಸಾವು ಬೆಳೆಯುವ ಕೈಗಳು’ ಅಂತ ಬರೆದಿತ್ತು. ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ಫೋಟೋ ತೆಗೆದವನ ಹೆಸರು. ನೋಡಿದರೆ ನನ್ನ ಅಣ್ಣನ ಮಗನದೇ.

ಮೊದಲೇ ಹೇಳಿಬಿಡುತ್ತೇನೆ, ಪೋಸ್ಟರಿನ ಬುದ್ಧಿಮಾತಿನ ಮೇಲೆ ನನಗೆ ತಕರಾರಿರಲಿಲ್ಲ. ನಮ್ಮಪ್ಪ ಬೀಡಿ ಸೇದಿ ಸೇದಿ ಕೆಮ್ಮಿಕೊಂಡೇ ಹೋದವನು. ಹೊಗೆಸೊಪ್ಪು ಅಮೃತ ಅನ್ನುವಷ್ಟು ಪೆದ್ದಿ ನಾನಲ್ಲ. ಆದರೆ ಅಂಥ ಸಾಲಿನ ಕೆಳಗೆ ನನ್ನ ಮುಖ ಹಾಕುವ ಮುಂಚೆ ಒಂದು ಮಾತು ಕೇಳಬೇಡವೇ? ಮೈಯೆಲ್ಲ ಉರಿದುಹೋಯಿತು. ತಂಗಿಯ ಮನೆ ಹಾಗಿರಲಿ ಅಂತ ಎಚ್.ಡಿ. ಕೋಟೆಗೆ ಬಂದು, ಅಲ್ಲಿಂದ ಹುಣಸೂರಿನ ಬಸ್ಸು ಹತ್ತಿದೆ.

ಅಣ್ಣನ ಮಗ ಅಂದರೆ ನನಗೆ ಅಳಿಯನೇ; ಅವನು ಹುಣಸೂರಿನಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟಿದ್ದ. ಇಂಟರ್ನೆಟ್ಟು ನಮ್ಮ ಕಡೆಗೆ ಆಗತಾನೇ ಬಂದಿತ್ತು. ಭಾನುವಾರ ಅಲ್ಲಿ ಏಳೆಂಟು ಜನ ಸೇರಿ ನಮ್ಮ ಸೀಮೆಯ ಫೋಟೋ, ಹಾಡು, ಪಾಠ ಎಲ್ಲವನ್ನೂ ಅದಕ್ಕೆ ಏರಿಸುತ್ತಿದ್ದರು. ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಬರೆದುಕೊಡುವುದಕ್ಕೆ ಮುಕ್ತ ಪರವಾನಗಿ ಅನ್ನುತ್ತಿದ್ದರು. ನಾನು ಹೋದದ್ದೂ ಭಾನುವಾರವೇ.

“ಯಾರ್ನ ಕೇಳಿ ತೆಗ್ದೆ, ಯಾರ್ನ ಕೇಳಿ ಕೊಟ್ಟೆಲಾ?” ಅಂದೆ.

“ನಾನ್ ತೆಗ್ದಿದ್ದ ಫೋಟೋ ಅಲ್ವಾ ಅತ್ತೆ? ಯಾರ್ ಬೇಕಾದ್ರೂ ತಕ್ಕಳ್ಳಿ ಅಂತ ಹಾಕಿದ್ದೆ, ಪೋಸ್ಟರ್ನೋರು ತಕ್ಕಂಡವ್ರೆ. ಒಂದ್ಸಲ ಕೊಟ್ಮೇಲೆ ವಾಪಸ್ ಇಸ್ಕಳಂಗಿಲ್ಲ.”

“ಅತ್ತೆ ಒಡವೇನ ಅಳಿಯ ದಾನ ಮಾಡ್ದ ಅಂತಾರಲ್ಲ, ಅಂಗಾಯ್ತು ಬುಡು.”

ಎಲ್ಲರೂ ನಕ್ಕರು. ನಾನು ನಗಲಿಲ್ಲವಾದ್ದರಿಂದ ನಗು ಬೇಗ ನಿಂತಿತು.

ಆಮೇಲೆ ಅವರವರಲ್ಲೇ ಜಗಳ ಹತ್ತಿತು. ಪಿರಿಯಾಪಟ್ಟಣದ ಮೇಷ್ಟ್ರೊಬ್ಬರು, “ಮುಕ್ತ ಅಂದ್ಮೇಲೆ ಮುಕ್ತವೇ ಕಣ್ರೀ. ಇವತ್ತು ಇವ್ರು ಬ್ಯಾಡ ಅಂದ್ರು, ನಾಳೆ ಎಲ್ರೂ ಬ್ಯಾಡ ಅಂತಾರೆ” ಅಂದರು. ಕೆ.ಆರ್. ನಗರದಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಹುಡುಗಿ ಬಿಡಲಿಲ್ಲ. “ಫೋಟೋ ತೆಗೆದೋರ್ದು ಸರಿ, ಮುಖ ಅವರ್ದಲ್ವಾ ಸಾರ್?” ಅಂದಳು. ಮಾತು ಬೆಳೆದು ಬೆಳೆದು, ಕೊನೆಗೆ ಫೋಟೋ ಇರಬೇಕೋ ಬೇಡವೋ, ಕೈ ಎತ್ತಿ ತೀರ್ಮಾನಿಸೋಣ ಅಂತಾಯಿತು.

“ನನ್ ಮುಖಕ್ಕೆ ನೀವ್ ಕೈ ಎತ್ತೀರಾ?” ಅಂದೆ. ಎದ್ದಿದ್ದ ಒಂದೆರಡು ಕೈಗಳೂ ಇಳಿದವು.

ಹುಡುಗಿ ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಬಂದು ಕೂತಳು. “ತೆಗೆಸ್ಬಿಡ್ಲಾ ಅಮ್ಮಾ?”

ಯೋಚಿಸಿದೆ. ಇಲ್ಲಿ ತೆಗೆಸಿದರೆ ಸರಗೂರಿನ ಗೋಡೆಯಿಂದೇನೂ ಹೋಗುವುದಿಲ್ಲ. ಅಲ್ಲದೆ ಸುಳ್ಳು ಯಾಕೆ ಹೇಳಲಿ, ಫೋಟೋ ಚೆನ್ನಾಗಿತ್ತು. ಸೊಪ್ಪು ಕಟ್ಟುವುದರಲ್ಲಿ ನಮ್ಮೂರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ಕೈಚಳಕ ಅದರಲ್ಲಿ ಕಾಣುತ್ತಿತ್ತು.

“ತಕ್ಕಳೋರಿಗೆ ಏನೂ ಕಟ್ಟುಪಾಡೇ ಇಲ್ವಾ?” ಅಂತ ಕೇಳಿದೆ.

“ಒಂದೇ ಒಂದೈತೆ. ಫೋಟೋ ತೆಗೆದೋರು ತಮ್ಮ ಹೆಸ್ರು ಹೆಂಗ್ ಕೊಟ್ಟಿರ್ತಾರೋ ಹಂಗೇ ಕೆಳಗೆ ಹಾಕ್ಬೇಕು.”

“ಅಂಗಾದ್ರೆ ಫೋಟೋ ಇರ್ಲಿ. ಇವನ ಎಸ್ರು ಬದ್ಲಾಯ್ಸಿ. ನಾನ್ ಹೇಳ್ತೀನಿ, ಬರ್ಕಳಿ.”

ನಾನು ಹೇಳಿದ್ದು ಕೇಳಿ ಮೇಷ್ಟ್ರ ಮುಖ ಬಿಗಿಯಿತು. “ಪರವಾನಗೀನ ಹಿಂಗ್ ತಮಾಷೆ ಮಾಡ್ಬಾರ್ದು” ಅಂದರು.

“ತಮಾಷೆ ಎಲ್ಲಿ ಬಂತು ಮೇಷ್ಟ್ರೇ? ನಿಮ್ ಕಾನೂನೇ ಅಲ್ವಾ?”

ಅಳಿಯನ ಕಿವಿ ಕೆಂಪಾಗಿತ್ತು. ಅವನು ಒಳ್ಳೆಯ ಹುಡುಗ, ವಾದಿಸಲಿಲ್ಲ. ತಾನೇ ಕೂತು ಟೈಪ್ ಮಾಡಿದ.

ಮುಂದಿನ ಸುಗ್ಗಿಯ ಹೊತ್ತಿಗೆ ಯಾವುದೋ ವಾರಪತ್ರಿಕೆಯವರು ಅದೇ ಫೋಟೋ ಹಾಕಿದರು. ಪತ್ರಿಕೆಯನ್ನು ಅಳಿಯನೇ ತಂದು, ಪುಟ ತೆರೆದು ನನ್ನ ಮುಂದಿಟ್ಟ. ಈ ಸಲ ನನ್ನ ಮುಖವನ್ನು ಸಮಾಧಾನವಾಗಿ, ಎಷ್ಟೋ ಹೊತ್ತು ನೋಡಿದೆ. ಅದರ ಕೆಳಗೆ ಅಚ್ಚಾಗಿತ್ತು: ‘ಫೋಟೋ: ಅತ್ತೆಯನ್ನು ಕೇಳದೆ ತೆಗೆದವನು.’