ಹನ್ನೊಂದು ದಿನ ಆ ಗೋಡೆಗೆ ಅಂಟು ಹಚ್ಚದ ಯಂಕೋಬ

“ನಿನ್ನ ತಲಿಯಾಗ ಮೆದುಳು ಐತೋ, ಇಲ್ಲಾ ಅಲ್ಲೂ ಅಂಟ ತುಂಬೈತೋ?”

ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲು. ಗಂಗಾವತಿಯ ಹಳೇ ಟಾಕೀಸಿನ ಗೇಟಿನ ಮುಂದೆ ನಲವತ್ತು ಜನ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಸ್ವಯಂಸೇವಕರು, ಕುಷ್ಟಗಿಯಿಂದ ಕಿರುಚಿತ್ರ ಮಾಡಿಕೊಂಡು ಬಂದ ತಂಡ, ಇಬ್ಬರು ಟಿವಿಯವರು, ಟಿಕೆಟ್ಟಿಗೆ ನಿಂತವರು. ಇಷ್ಟೂ ಜನರ ಎದುರಿಗೆ ಈ ಮಾತು ಆಡುತ್ತಿರುವವರು ಮೂರು ದಿನದ ಚಿತ್ರೋತ್ಸವದ ಸಂಚಾಲಕ ಗೌತಮ ಸಾಹೇಬರು. ಅನ್ನಿಸಿಕೊಳ್ಳುತ್ತಿರುವವರು ಯಂಕೋಬ, ಊರಿಗೆಲ್ಲ ಪೋಸ್ಟರ್ ಹಚ್ಚುವವರು. ಅಂದವರಿಗೆ ಮೂವತ್ತನಾಲ್ಕು ವರ್ಷ. ಅನ್ನಿಸಿಕೊಂಡವರಿಗೆ ಐವತ್ತೊಂಬತ್ತು. ನಾಲ್ಕೈದು ಜನ ನಗುತ್ತಾರೆ. ಉಳಿದವರು ಮೊಬೈಲ್ ನೋಡಿಕೊಳ್ಳುತ್ತಾರೆ. “ಸಾಹೇಬ್ರ, ಹಿರೇರಿಗೆ ಹಂಗ ಅನಬ್ಯಾಡ್ರಿ” ಅನ್ನುವ ಬಾಯಿ ಒಂದೂ ಇಲ್ಲ.

ಯಂಕೋಬರ ತಪ್ಪು ಇಷ್ಟೇ. ಟಾಕೀಸಿನ ಎದುರಿಗೆ ಹಳೇ ಅಕ್ಕಿ ಗೋದಾಮಿನ ಗೋಡೆ ಇದೆ. ಬಸ್‌ಸ್ಟ್ಯಾಂಡಿನಿಂದ ಹೊರಬಿದ್ದವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಭಾನುವಾರದ ವಿಶೇಷ ಅತಿಥಿ, ಯಲಬುರ್ಗಾದ ನಾಟಕ ಕಂಪನಿಯಿಂದ ಹೋಗಿ ಸಿನಿಮಾದಲ್ಲಿ ಹೆಸರು ಮಾಡಿದ ಹಿರಿಯ ನಟಿ ದ್ರಾಕ್ಷಾಯಿಣಿ ಅವರ ದೊಡ್ಡ ಪೋಸ್ಟರ್ ಅಲ್ಲಿ ಇರಬೇಕಿತ್ತು. ಇಲ್ಲ. ಅಲ್ಲಿರುವುದು ಮಿಲ್ಲಿನ ಹಮಾಲ ಗೋಣೆಪ್ಪನವರ ಕಪ್ಪು-ಬಿಳುಪು ಮುಖ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಗೋಣೆಪ್ಪ ತೀರಿಕೊಂಡದ್ದು ಹೋದ ವಾರ ಗುರುವಾರ. ಸತ್ತವರ ಪೋಸ್ಟರಿನ ಮೇಲೆ ಹನ್ನೊಂದು ದಿನ ತುಂಬುವ ತನಕ ಯಂಕೋಬ ಬೇರೆ ಪೋಸ್ಟರ್ ಹಚ್ಚುವುದಿಲ್ಲ. ಹನ್ನೊಂದನೇ ದಿನ ಬೀಳುವುದು ಭಾನುವಾರ. ಅಂದರೆ ಆ ಗೋಡೆ ಬಿಡುವಾಗುವುದು ಸೋಮವಾರ ನಸುಕಿಗೆ. ಅಷ್ಟೊತ್ತಿಗೆ ಉತ್ಸವವೂ ಮುಗಿದಿರುತ್ತದೆ, ಅತಿಥಿಯೂ ಹೊರಟಿರುತ್ತಾರೆ.

“ನಾಳೆ ಮುಂಜಾನಿ ಹತ್ತರೊಳಗ ಮೇಡಮ್ಮನೋರ ಪೋಸ್ಟರ್ ಆ ಗ್ವಾಡಿ ಮ್ಯಾಲ ಇರಬೇಕು. ಇಲ್ಲಾಂದ್ರ ನೀನೂ ಬ್ಯಾಡ, ನಿನ್ನ ಬಕೀಟೂ ಬ್ಯಾಡ. ಟಾಕೀಸಿನ ಕೆಲಸಾನೂ ಮರತಬಿಡು,” ಎನ್ನುತ್ತಾರೆ ಸಂಚಾಲಕರು.

ಟಾಕೀಸಿನ ಮಾಲೀಕರು ಸಂಚಾಲಕರ ಸ್ವಂತ ಮಾವ. ಹಾಗಾಗಿ ಇದು ಬಾಯಿಮಾತಿನ ಬೆದರಿಕೆ ಅಲ್ಲ. ಉಳಿದವರೆಲ್ಲ ಫ್ಲೆಕ್ಸಿಗೆ ಹೋದ ಮೇಲೆ ಕಾಗದದ ಪೋಸ್ಟರ್ ಹಚ್ಚಿಸುವ ಟಾಕೀಸು ಈ ಭಾಗದಲ್ಲಿ ಇದೊಂದೇ. ಇದು ಕೈಬಿಟ್ಟರೆ ಯಂಕೋಬರ ಕಸುಬೇ ಮುಗಿಯಿತು. ಇನ್ನೊಬ್ಬರನ್ನು ಕರೆಸಿ ಹಚ್ಚಿಸೋಣವೆಂದರೆ ಊರಲ್ಲಿ ಆ ಕೈ ಇರುವ ಇನ್ನೊಬ್ಬರಿಲ್ಲ. ಫ್ಲೆಕ್ಸ್ ಕಟ್ಟೋಣವೆಂದರೆ ಗೋದಾಮಿನವರು ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಅದಕ್ಕೇ ಸಂಚಾಲಕರ ಸಿಟ್ಟು ಇಷ್ಟು ಏರಿದೆ. ಬೇಕಾದ್ದು ಬೈಸಿಕೊಳ್ಳುವವನ ಕೈಯಲ್ಲೇ ಇದೆಯಲ್ಲ!

ಶನಿವಾರ ನಸುಕು ನಾಲ್ಕೂವರೆ. ಗಂಗಾವತಿಯ ಹಿರೇಜಂತಕಲ್ಲಿನಲ್ಲಿ ಎರಡು ಕೋಣೆಯ ಮನೆಯ ಅಂಗಳದಲ್ಲಿ ಒಲೆ ಉರಿಯುತ್ತಿದೆ. ಯಂಕೋಬರ ಹೆಂಡತಿ ಹುಲಗೆಮ್ಮ ಅಂಟು ಕುದಿಸುತ್ತಿದ್ದಾರೆ. ಬೇರೆ ಊರುಗಳಲ್ಲಿ ಬರೀ ಮೈದಾ. ಇಲ್ಲಿ ಮಿಲ್ಲುಗಳ ಊರು, ನುಚ್ಚಕ್ಕಿ ಹಿಟ್ಟೂ ಬೀಳುತ್ತದೆ. ನೀರು ಮಾತ್ರ ಬೇವಿನ ಸೊಪ್ಪು ಕುದಿಸಿ ಸೋಸಿದ್ದು. ಯಾಕೆಂದು ಕೇಳಿದರೆ ಹುಲಗೆಮ್ಮ ನಗುತ್ತಾರೆ.

“ಕಹಿ ಇಲ್ಲಂದ್ರ ಆಡು ಬಿಡತಾವೇನ್ರಿ? ಒಂದ ಸಲ ಹೀರೋನ ಮಾರಿ ಪೂರಾ ತಿಂದು ಬರೇ ಬಂದೂಕ ಉಳಿಸಿದ್ವು. ಯಂಕೋಬನ ಹೆಂಡ್ತಿ ಅಂಟು ಭಾಳ ರುಚಿ ಮಾಡತಾಳ ಅಂತ ಊರೆಲ್ಲ ಆಡಕೊಂಡ್ರು. ಕೆಲವ್ರು ಮೈಲುತುತ್ತ ಹಾಕ್ತಾರ್ರಿ. ಅದು ವಿಷ. ಪೋಸ್ಟರ್ ಉಳಸಾಕ ದನಾ ಕೊಲ್ಲಾಕ ಆಗ್ತೈತೇನು?”

ಶುಕ್ರವಾರದ ಗೇಟಿನ ಮಾತು ಹುಲಗೆಮ್ಮನ ಕಿವಿಗೂ ಬಿದ್ದಿದೆ. “ಎರಡ ದಿನದ್ದು ಐತಿ, ಹಚ್ಚಿಬಿಡ್ರಿ ಅಂದೆ. ಅಂದಿದ್ದಕ್ಕ ಉಣ್ಣಲಿಲ್ಲ. ಹಂಗಾಗಿ ಸುಮ್ಮಾದೆ,” ಎಂದು ಬಕೆಟ್ಟಿಗೆ ಅಂಟು ಸುರಿಯುತ್ತಾರೆ. ಯಂಕೋಬ ಸೈಕಲ್ಲಿಗೆ ಏಣಿ ಕಟ್ಟುತ್ತಿದ್ದಾರೆ. ಕೇಳಿಸಿದರೂ ಕೇಳಿಸದಂತೆ.

ಯಂಕೋಬ ಇರಕಲ್ಲಗಡದವರು. ಕುರಿ ಸಾಕಿ, ಕೂಲಿ ಮಾಡಿ ಬದುಕಿದ ಮನೆತನ. ಮೂರನೇ ಇಯತ್ತೆಗೆ ಶಾಲೆ ಬಿಟ್ಟರು. ಅಕ್ಷರ ಕೂಡಿಸಿ ಓದಲು ತಡವರಿಸುತ್ತಾರೆ, ಅಂಕಿ ಮಾತ್ರ ಪಕ್ಕಾ. ಇಪ್ಪತ್ಮೂರನೇ ವಯಸ್ಸಿಗೆ ಗಂಗಾವತಿಗೆ ಬಂದು, ಪೋಸ್ಟರ್ ಹಚ್ಚುವುದರಲ್ಲಿ ಪಳಗಿದ ರಸೂಲಸಾಬರ ಕೈಕೆಳಗೆ ನಿಂತರು. ಆ ಕಾಲಕ್ಕೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾಕ್ಕೂ ಇವರೇ ಹೋಗಬೇಕು. ಬಸ್ಸಿನ ಟಾಪಿನ ಮೇಲೆ ಏಣಿ, ಸೀಟಿನ ಕೆಳಗೆ ಬಕೆಟ್. ಹುಣ್ಣಿಮೆಗೆ ಹುಲಿಗಿಯ ದೇವಿ ಗುಡಿಗೆ ಮಂದಿ ಬರುತ್ತಾರೆಂದರೆ ಹಿಂದಿನ ದಿನವೇ ಹೋಗಿ ದಾರಿಯುದ್ದಕ್ಕೂ ಹಚ್ಚಿ ಬರುತ್ತಿದ್ದರು. ಅಂದು ಇವರು ಪೋಸ್ಟರ್ ಹಚ್ಚಿದ ಟಾಕೀಸುಗಳಲ್ಲಿ ಒಂದು ಈಗ ಕಲ್ಯಾಣ ಮಂಟಪ, ಇನ್ನೊಂದು ಗೊಬ್ಬರದ ಗೋದಾಮು, ಮತ್ತೊಂದು ಬರೀ ಬಯಲು.

ಒಂದು ನಸುಕಿಗೆ ನಲವತ್ತೈದು ಪೋಸ್ಟರ್. ಎರಡು ಬಕೆಟ್ ಅಂಟು. ಸೈಕಲ್ ಮೇಲೆ ಹದಿನೆಂಟು ಕಿಲೋಮೀಟರ್. ಈ ಉತ್ಸವಕ್ಕಂತೂ ಆರು ದಿನದಲ್ಲಿ ಮುನ್ನೂರ ಹನ್ನೆರಡು. ಎಡ ಮೊಣಕಾಲು ನಾಲ್ಕು ವರ್ಷದಿಂದ ಸರಿಯಾಗಿ ಮಡಚುವುದಿಲ್ಲ. ಬಲಗಾಲು ಮೊದಲು ಮೆಟ್ಟಿಲಿಗಿಟ್ಟು ಎಡಗಾಲನ್ನು ಹಿಂದಿನಿಂದ ಎಳೆದುಕೊಳ್ಳುತ್ತಾರೆ. ಕೈ ಮಾತ್ರ ಇಪ್ಪತ್ಮೂರರದ್ದೇ. ನೀರಿನ ಟ್ಯಾಂಕಿನ ಗೋಡೆಯ ಮೇಲೆ ನಾಲ್ಕು ತುಂಡಿನ ದೊಡ್ಡ ಪೋಸ್ಟರನ್ನು ಏಳು ನಿಮಿಷದಲ್ಲಿ ಕೂರಿಸುತ್ತಾರೆ. ಮೊದಲು ಕೆಳಗಿನ ಎರಡು ತುಂಡು, ಆಮೇಲೆ ಮೇಲಿನವು, ಹೆಂಚು ಹೊದಿಸಿದ ಹಾಗೆ, ಮಳೆ ನೀರು ಸಂದಿಗೆ ಇಳಿಯಬಾರದೆಂದು. ನಟಿಯ ಎರಡೂ ಕಣ್ಣು ಎರಡು ಬೇರೆ ತುಂಡಿನಲ್ಲಿವೆ. ಕೂಡಿಸಿದ ಮೇಲೆ ಗೆರೆ ಹುಡುಕಿದರೂ ಸಿಗುವುದಿಲ್ಲ.

“ಮೇಡಮ್ಮನೋರು ಭಾಳ ದೊಡ್ಡೋರ್ರಿ. ಮೆಳ್ಳಗಣ್ಣು ಮಾಡಿದ್ರ ನನ್ನ ಮಾನ ಹೊಕ್ಕೈತಿ,” ಎನ್ನುತ್ತಾರೆ ಏಣಿಯ ಮೇಲಿಂದ.

ಉತ್ಸವದ ಸಡಗರ ಕಡಿಮೆಯದಲ್ಲ. ಶನಿವಾರ ಹತ್ತೂವರೆಗೆ ಮಕ್ಕಳ ಸಿನಿಮಾ, ಮಧ್ಯಾಹ್ನ ನಾಲ್ಕು ತಾಲೂಕಿನವರು ಮಾಡಿದ ಹನ್ನೊಂದು ಕಿರುಚಿತ್ರ, ಸಂಜೆ ಒಬ್ಬ ಛಾಯಾಗ್ರಾಹಕರ ಜೊತೆ ಮಾತುಕತೆ. ಭಾನುವಾರ ಹನ್ನೊಂದಕ್ಕೆ ದ್ರಾಕ್ಷಾಯಿಣಿ ಅವರೊಂದಿಗೆ ಸಂವಾದ, ಆಮೇಲೆ ಅವರದೇ ಒಂದು ಹಳೇ ಚಿತ್ರ. ಹೊಳಪಿನ ಪುಸ್ತಿಕೆಯಲ್ಲಿ ಇದೆಲ್ಲ ಇದೆ. ಕೊನೆಗೆ ಧನ್ಯವಾದದ ಪುಟವೂ ಇದೆ. ಮೂವತ್ತೊಂದು ಹೆಸರು. ನೀರಿನ ಬಾಟಲಿ ಕೊಟ್ಟವರು, ಹಾರ ತಂದವರು, ಅತಿಥಿಗಳ ಕಾರು ತೊಳೆಸಿದವರು ಕೂಡ ಇದ್ದಾರೆ. ಯಂಕೋಬರ ಹೆಸರಿಲ್ಲ. ಟಿಕೆಟ್ ಸರದಿಯಲ್ಲಿದ್ದ ಇಪ್ಪತ್ತು ಜನರನ್ನು ಕೇಳಿದರೆ ಹದಿಮೂರು ಮಂದಿ ಪೋಸ್ಟರ್ ನೋಡಿ ಬಂದೆವು ಅನ್ನುತ್ತಾರೆ. ಹೇಮಗುಡ್ಡದ ಕಡೆಯಿಂದ ಬಂದ ಲಲಿತಾ ಎಂಬ ಶಿಕ್ಷಕಿ, “ನಮ್ಮ ಬಸ್ ನಿಲ್ಲೋ ಕಡೆ ಹಚ್ಚಿದ್ರು. ಮೊಬೈಲ್‌ನ್ಯಾಗ ಬಂದಿದ್ರ ನೋಡಿ ಮರೀತಿದ್ದೆ. ಅದು ದಿನಾ ಎದುರಿಗೆ ನಿಂತಿತ್ತಲ್ಲ,” ಎನ್ನುತ್ತಾರೆ. ಮೂವತ್ತೊಂದು ಹೆಸರು ಅಚ್ಚು ಹಾಕಿಸಿದವರಿಗೆ ಮೂವತ್ತೆರಡನೆಯದಕ್ಕೆ ಜಾಗ ಸಿಗಲಿಲ್ಲ!

ಆರೂಮುಕ್ಕಾಲಿಗೆ ಯಂಕೋಬರ ಸೈಕಲ್ಲು ಗೋದಾಮಿನ ಗೋಡೆಗೆ ಬರುತ್ತದೆ. ಕ್ಯಾರಿಯರಿನಲ್ಲಿ ಉಳಿದಿರುವುದು ಒಂದೇ ಸುರುಳಿ, ಈ ಗೋಡೆಗೆಂದು ಕೊಟ್ಟದ್ದು. ಗೋಡೆಯ ಪಕ್ಕದ ಚಹಾದಂಗಡಿಯ ಮೌಲಾಹುಸೇನ ಇವರನ್ನು ಕಂಡ ಕೂಡಲೇ ಬಾಯಿ ತೆಗೆಯುತ್ತಾರೆ.

“ಯಂಕೋಬಣ್ಣಾ, ಗೋಣೆಪ್ಪಗ ಇಷ್ಟು ಮರ್ಯಾದಿ ಕೊಡ್ತೀಯಲ್ಲ, ನಾ ಹೋದ್ರ ಎಷ್ಟ ದಿನ ಗ್ವಾಡಿ ಕೊಡ್ತೀ?”

“ನಿನಗ ನಲವತ್ತು. ಆದ್ರ ಮೊದಲ ಒಂದು ಛಲೋ ಫೋಟೋ ತೆಗಿಸು. ಈ ಮಾರಿ ಹಚ್ಚಿದ್ರ ಮಂದಿ ಬಸ್ ಹತ್ತಂಗಿಲ್ಲ.”

ಇದು ಬರೀ ಚೇಷ್ಟೆಯಲ್ಲ. ರಸೂಲಸಾಬರು ಹಾಕಿಕೊಟ್ಟ ಲೆಕ್ಕವೇ ಹಾಗೆ. ಮುಸಲ್ಮಾನರ ಮನೆಯದಾದರೆ ನಲವತ್ತು, ಗೋಣೆಪ್ಪನವರ ಮಂದಿಯಲ್ಲಿ ಹನ್ನೊಂದು, ಯಾರ ಮನೆಯ ಸಾವೋ ಅವರ ಮನೆಯ ಲೆಕ್ಕ. ಯಂಕೋಬ ಪೋಸ್ಟರಿನ ಮೇಲಿನ ತಾರೀಕು ನೋಡುತ್ತಾರೆ, ಬೆರಳು ಮಡಿಸುತ್ತಾರೆ. ಬರೆದಿಟ್ಟುಕೊಳ್ಳುವುದಿಲ್ಲ. ಊರಿನ ಯಾವ ಗೋಡೆ ಎಂದು ಬಿಡುವಾಗುತ್ತದೆ ಎಂಬುದು ತಲೆಯಲ್ಲೇ ಇರುತ್ತದೆ. ಸಂಚಾಲಕರು ಅಂಟು ತುಂಬಿದೆ ಅಂದ ತಲೆ ಇದೇ.

ಈ ಲೆಕ್ಕವನ್ನು ಯಂಕೋಬ ಒಮ್ಮೆ ತಪ್ಪಿದ್ದಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಕುಷ್ಟಗಿಯಲ್ಲಿ. ಕತ್ತಲಿತ್ತು, ಚಳಿಯಿತ್ತು, ಬಸ್ಸಿಗೆ ಹೊತ್ತಾಗಿತ್ತು. ಗೋಡೆ ನೋಡದೆ ನಗೆ ಸಿನಿಮಾದ ಪೋಸ್ಟರ್ ಬಡಿದು ಹೊರಟರು.

“ಬಸ್ ತಪ್ಪಿತ್ರಿ. ಹೊಳ್ಳಿ ಬಂದು ಅಲ್ಲೇ ಕುಂತೆ. ಬೆಳಕಾದ ಮ್ಯಾಲ ಒಬ್ಬ ಹೆಣಮಗಳು ಬಂದು ಆ ಪೋಸ್ಟರ್ ಉಗುರಿಲೆ ಕೆರಿಯಾಕ ಹತ್ತಿದ್ಲು. ಕೆಳಗ ಆಕಿ ಮಗನ ಫೋಟೋ ಇತ್ತು. ಹಸೀ ಅಂಟು, ಕೆರದ್ರ ಎರಡೂ ಹರೀತಾವು. ಮಗನ ಮಾರಿ ಹರದು ಆಕಿ ಕೈಯಾಗ ಬಂತು. ನನ್ನ ಬೈಲಿಲ್ರಿ. ನಾ ಹಚ್ಚಿದ್ದು ಅಂತ ಆಕಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತಲ್ಲ.”

ಆ ದಿನದಿಂದ ಇಲ್ಲಿಯ ತನಕ ಒಂದು ಗೋಡೆಯನ್ನೂ ಯಂಕೋಬ ಹೊತ್ತಿಗೆ ಮುಂಚೆ ಮುಟ್ಟಿಲ್ಲ. ಚುನಾವಣೆ ಬಂದಿದೆ, ದೊಡ್ಡ ದೊಡ್ಡ ಸಿನಿಮಾ ಬಂದಿವೆ, ಏಣಿ ಕಸಿದುಕೊಂಡವರಿದ್ದಾರೆ. ಮುಟ್ಟಿಲ್ಲ.

ಗೋಣೆಪ್ಪನವರ ಮನೆ ದೂರವಿಲ್ಲ, ಎರಡು ಓಣಿಯಾಚೆ. ಅವರ ಹೆಂಡತಿ ಸಣ್ಣವ್ವನನ್ನು ಒಂದು ಮಾತು ಕೇಳಿಬಿಡಬಹುದಲ್ಲ? ಹೂಂ ಅಂದರೆ ಪೋಸ್ಟರೂ ಏರುತ್ತದೆ, ಕೆಲಸವೂ ಉಳಿಯುತ್ತದೆ.

“ಕೇಳಬಹುದ್ರಿ. ಕೇಳಿದ್ರ ಆಕಿ ಹೂಂ ಅಂತಾಳ. ಅದಕ್ಕ ಕೇಳಲಿಲ್ಲ,” ಎನ್ನುತ್ತಾರೆ ಯಂಕೋಬ. “ಸಾವಾದ ಮನ್ಯಾಗ ಯಾರು ಏನ ಕೇಳಿದ್ರೂ ಇಲ್ಲ ಅನ್ನಾಕ ಬಾಯಿ ಏಳಂಗಿಲ್ಲ. ಅಂಥಾ ಹೊತ್ತಿನ್ಯಾಗ ಹೋಗಿ ಕೇಳೂದು ಕೇಳಿದಂಗಲ್ಲ, ಕಸಗೊಂಡಂಗ.”

ಹಾಗಾದರೆ ಆಕೆ ದಿನಾ ಬಂದು ಈ ಪೋಸ್ಟರ್ ನೋಡುತ್ತಾಳೆಯೆ?

“ನಾ ನೋಡಿಲ್ಲ. ಬರತಾಳೋ ಇಲ್ಲೋ. ಬಂದ್ರ ಇರಬೇಕಲ್ಲ?”

ಚಹಾದ ಲೋಟ ಕೆಳಗಿಟ್ಟು ಗೋಡೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಕಸುಬುದಾರನ ನೋಟ. ಎಷ್ಟು ಅಂಟು ಬೇಕು, ಎಲ್ಲಿ ಸುಣ್ಣ ಉದುರುತ್ತದೆ, ಎಲ್ಲವೂ ಗೊತ್ತು. ಈ ಗೋಡೆಗೆ ಹಚ್ಚಿದ್ದರೆ ದ್ರಾಕ್ಷಾಯಿಣಿ ಅವರ ಮುಖ ಬಸ್‌ಸ್ಟ್ಯಾಂಡಿನ ಒಳಗಿನಿಂದಲೇ ಕಾಣುತ್ತಿತ್ತು, ಅದೂ ಗೊತ್ತು. ಕೆಲಸ ಹೋದರೆ ಏನು ಮಾಡುತ್ತೀರಿ ಎಂದರೆ ಎಡ ಮೊಣಕಾಲು ತಿಕ್ಕಿಕೊಳ್ಳುತ್ತಾರೆ.

“ಮೊಣಕಾಲು ಇನ್ನೊಂದು ನಾಕ್ ವರ್ಷ ಏಣಿ ಹತ್ತತೈತಿ. ಅಲ್ಲೀತನಾ ಹಚ್ಚಬೇಕು ಅಂತ ಆಸೆ ಐತ್ರಿ, ಸುಳ್ಳ ಯಾಕ ಹೇಳ್ಲಿ. ಬ್ಯಾರೆ ಕೆಲಸ ಬರಂಗಿಲ್ಲ ನನಗ. ಆದ್ರ ಒಂದು ಮಾತು. ಈ ಊರಾಗ ಸತ್ತೋರಿಗೆ ಹನ್ನೊಂದು ದಿನ ಗ್ವಾಡಿ ಕೊಟ್ಟಾಂವ ನಾನು. ಮುನಸಿಪಾಲ್ಟಿ ಕೊಟ್ಟಿಲ್ಲ, ಯಾ ಸಾವ್ಕಾರನೂ ಕೊಟ್ಟಿಲ್ಲ.”

ಹತ್ತಕ್ಕೆ ಐದು ನಿಮಿಷ ಇದೆ. ಟಾಕೀಸಿನ ಗೇಟಿನಲ್ಲಿ ಮಕ್ಕಳ ಸಿನಿಮಾಕ್ಕೆ ಬಂದ ಮಂದಿ ಕಿಕ್ಕಿರಿದಿದ್ದಾರೆ. ಗೌತಮ ಸಾಹೇಬರು ಎದುರಿನ ಗೋಡೆ ನೋಡುತ್ತಾರೆ, ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಸೈಕಲ್ ತಳ್ಳುತ್ತ ಬರುತ್ತಿರುವ ಯಂಕೋಬರನ್ನು ನೋಡುತ್ತಾರೆ. ಇಂದು ದನಿ ಬೇರೆ. ಬೆನ್ನ ಮೇಲೆ ಕೈ ಹಾಕುತ್ತಾರೆ.

“ಕಾಕಾ, ನಿನ್ನೆ ಸಿಟ್ನ್ಯಾಗ ಅಂದೆ, ಬಿಡು. ನಾಳೆ ಸ್ಟೇಜ್ ಮ್ಯಾಲ ಕರದು ಮೇಡಮ್ಮನೋರ ಕೈಲೆ ನಿನಗ ಶಾಲು ಹೊದಿಸ್ತೀನಿ. ಮೈಕಿನ್ಯಾಗ ಹೆಸರು ಹೇಳಸ್ತೀನಿ. ಟಾಕೀಸಿನ ಕೆಲಸ ಇರೂತನಾ ನಿಂದ. ಬರೇ ಒಂದ ಪೋಸ್ಟರ್. ಹತ್ತ ನಿಮಿಷದ ಕೆಲಸ. ಏನಂತಿ?”

ಸ್ವಯಂಸೇವಕನೊಬ್ಬ ಆಗಲೇ ಏಣಿಯ ಹಗ್ಗಕ್ಕೆ ಕೈ ಹಾಕಿದ್ದಾನೆ. ಯಂಕೋಬ ಟಿಕೆಟ್ ಮೇಜಿನ ಬಳಿ ಹೋಗುತ್ತಾರೆ. ಸುರುಳಿಯನ್ನು ಅದರ ಮೇಲೆ ಮಲಗಿಸುತ್ತಾರೆ. ಒಂದು ತುದಿ ಮುದುಡಿದೆ, ಅಂಗೈಯಿಂದ ಒತ್ತಿ ನೆಟ್ಟಗೆ ಮಾಡುತ್ತಾರೆ. ನಟಿಯ ಮುಖಕ್ಕೆ ಮಡಿಕೆ ಬೀಳಬಾರದಲ್ಲ.

“ಏನಂತಿ ಕಾಕಾ? ಹಚ್ಚತೀಯೋ, ಇಲ್ಲೋ?”

ಸ್ವಯಂಸೇವಕನ ಕೈಯನ್ನು ಹಗ್ಗದಿಂದ ಮೆಲ್ಲಗೆ ಬಿಡಿಸುತ್ತಾರೆ. ಬಕೆಟ್ಟನ್ನು ಹ್ಯಾಂಡಲಿಗೆ ತೂಗು ಹಾಕುತ್ತಾರೆ. ಸಂಚಾಲಕರು ಮೂರನೇ ಸಲ ಕೇಳುತ್ತಾರೆ, ಈಗ ಜೋರಾಗಿ, ಎಲ್ಲರಿಗೂ ಕೇಳುವಂತೆ. ಯಂಕೋಬ ಸೈಕಲ್ ತಳ್ಳಿಕೊಂಡು, ಎಡಗಾಲು ಎಳೆಯುತ್ತ, ಮಂದಿಯ ನಡುವೆ ದಾರಿ ಮಾಡಿಕೊಂಡು ಹೊರಟು ಹೋಗುತ್ತಾರೆ.